ಕಿವಿಗೊಡುವುದೂ ಕಾಯಕವೇ



ಮದ್ದೂರಿನ ಮಗ್ಗುಲಲ್ಲಿರುವ ನಮ್ಮ ಶಿವಪುರವನ್ನು ನಾಡಿನ ಜನ ಬಲ್ಲುದು 1938ರ ಧ್ವಜ ಸತ್ಯಾಗ್ರಹದಿಂದ. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಶಿಂಷೆಯ ದಂಡೆಯ ಮೇಲೆ ಸರ್ಕಾರದ ನಿಷೇಧವನ್ನು ಮೀರಿ ಬಾವುಟ ಏರಿಸಿದವರ ನೆನಪಿಗೆ ಇಲ್ಲಿ ಸತ್ಯಾಗ್ರಹ ಸೌಧವಿದೆ. ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಅಲ್ಲಿಗೆ ಕರೆದೊಯ್ದು ಧೈರ್ಯದ ಕುರಿತು ಪಾಠ ಹೇಳುವುದು ನನ್ನ ಕೆಲಸದ ಭಾಗವಾಗಿತ್ತು. ಧೈರ್ಯದ ಬಗ್ಗೆ ಮಾತನಾಡಲು ನನಗೆ ಚೆನ್ನಾಗಿ ಬರುತ್ತಿತ್ತು. ಆ ಮಾತೇ ಒಬ್ಬ ಮನುಷ್ಯನ ವಿಷಯದಲ್ಲಿ ನಾನು ಎಡವಲು ಕಾರಣವಾಯಿತು. ಅದನ್ನು ಹೇಳಿಯೇ ಈ ಲೇಖನ ಆರಂಭಿಸುತ್ತೇನೆ.

2015ರ ಬೇಸಿಗೆ, ಮಳೆಗಾಲಗಳನ್ನು ಮಂಡ್ಯ ಜಿಲ್ಲೆಯವರು ಮರೆತಿಲ್ಲ. ಕಬ್ಬಿಗೆ ಬೆಲೆಯಿಲ್ಲ, ಕಾರ್ಖಾನೆಯ ಬಾಕಿ ಬಂದಿಲ್ಲ, ಸಾಲಗಾರರು ಮನೆ ಬಾಗಿಲಲ್ಲಿ. ಆ ವರ್ಷ ಕರ್ನಾಟಕದಲ್ಲಿ ಸಾವಿರಕ್ಕೂ ಹೆಚ್ಚು ರೈತರು ಪ್ರಾಣ ಕಳೆದುಕೊಂಡರು. ನಮ್ಮ ಜಿಲ್ಲೆಯ ಹೆಸರು ದಿನವೂ ಪತ್ರಿಕೆಯಲ್ಲಿ ಬರುತ್ತಿತ್ತು. ಅಂಥ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅರಳಿಕಟ್ಟೆಯ ಮೇಲೆ ನನ್ನ ಪಕ್ಕ ಬಂದು ಕುಳಿತ. ನಿದ್ದೆ ಬರುವುದಿಲ್ಲ ಎಂದ. ಊಟ ಸೇರುವುದಿಲ್ಲ ಎಂದ. ಗದ್ದೆಯ ಕಡೆ ಹೋಗಲು ಕಾಲೇ ಬರುವುದಿಲ್ಲ ಎಂದ. ನಾಲ್ಕನೆಯ ಮಾತು ಆಡುವ ಮೊದಲೇ ನಾನು ಶುರು ಮಾಡಿದೆ. ಹೆಂಡತಿ ಮಕ್ಕಳ ಮುಖ ನೋಡು, ಕಾಯಕದಲ್ಲಿ ಮನಸ್ಸಿಡು, ಶರಣರು ಎಂಥೆಂಥ ಕಷ್ಟ ಕಂಡರು, ನಿನ್ನದು ಏನು ಮಹಾ ಎಂದೆ. ಅರ್ಧ ಗಂಟೆ ಹೇಳಿದೆ. ಅವನು ಕೈಮುಗಿದು ಎದ್ದು ಹೋದ. ನನಗೆ ಒಳ್ಳೆಯ ಕೆಲಸ ಮಾಡಿದ ತೃಪ್ತಿ.

ವಾರ ಕಳೆಯುವುದರೊಳಗೆ ಅವನು ಪ್ರಾಣ ಕಳೆದುಕೊಳ್ಳಲು ಹೋಗಿದ್ದ. ಅಕ್ಕಪಕ್ಕದವರು ಕಂಡಿದ್ದರಿಂದ ಉಳಿದ. ಆಸ್ಪತ್ರೆಯಲ್ಲಿ ದೇಹಕ್ಕೆ ಚಿಕಿತ್ಸೆಯಾದ ಮೇಲೆ ಮನಸ್ಸಿನ ವೈದ್ಯರ ಬಳಿಗೂ, ಒಬ್ಬ ಆಪ್ತಸಮಾಲೋಚಕಿಯ ಬಳಿಗೂ ಕಳಿಸಿದರು. ಕೆಲವು ತಿಂಗಳಲ್ಲಿ ಅವನ ಮುಖಕ್ಕೆ ಮತ್ತೆ ಕಳೆ ಬಂತು. ಆ ತಾಯಿ ನಿನಗೆ ಏನು ಹೇಳಿದರಪ್ಪ ಎಂದು ನಾನೊಮ್ಮೆ ಕೇಳಿದೆ. ಅವನು ಸ್ವಲ್ಪ ಯೋಚಿಸಿ, "ಏನೂ ಹೇಳ್ನಿಲ್ಲ ಮೇಷ್ಟ್ರೆ, ಕೇಳಿದ್ರು ಅಷ್ಟೆ. ಆಮೇಲೆ, ನಾಳೆ ಬೆಳಿಗ್ಗೆ ಎದ್ದು ಏನು ಮಾಡ್ತೀಯ ಅಂದ್ರು" ಎಂದ.

ಈ ಉತ್ತರ ನನ್ನನ್ನು ಬಹಳ ಕಾಲ ಬಿಡಲಿಲ್ಲ. ನಾನು ಆಡಿದ್ದು ಒಳ್ಳೆಯ ಮಾತೇ. ಆದರೂ ನನ್ನಿಂದ ಆಗದ್ದು ಆಕೆಯಿಂದ ಹೇಗೆ ಆಯಿತು? ಮನಸ್ಸಿನ ನೋವನ್ನು ಮಾತಿನಿಂದ ವಾಸಿಮಾಡುವ ವಿದ್ಯೆಯಲ್ಲಿ ನಿಜವಾಗಿ ಕೆಲಸ ಮಾಡುವುದು ಯಾವುದು? ಬಿಡುವಾದ ಮೇಲೆ ಓದಿದೆ, ತಿಳಿದವರನ್ನು ಕೇಳಿದೆ. ಅದರಿಂದ ನನಗೆ ಹೊಳೆದದ್ದನ್ನು, ಅದರಲ್ಲಿ ನಮ್ಮ ಮಠಗಳಿಗೆ ಇರುವ ಪಾಠವನ್ನು ಇಲ್ಲಿ ನಿವೇದಿಸುತ್ತೇನೆ.

ಹಾದಿ ಹಲವು, ಫಲ ಹತ್ತಿರ ಹತ್ತಿರ

ಮನೋಚಿಕಿತ್ಸೆಯಲ್ಲಿ ಪಂಥಗಳು ಬಹಳ. ಬಾಲ್ಯದ ನೆನಪುಗಳನ್ನು ಕೆದಕಿ ನೋವಿನ ಬೇರು ಹುಡುಕುವುದು ಫ್ರಾಯ್ಡ್ ತೋರಿದ ಹಾದಿ. ಭಯವಾಗುವುದನ್ನು ಸ್ವಲ್ಪಸ್ವಲ್ಪವಾಗಿ ಎದುರಿಸಿ ಅಭ್ಯಾಸ ಮಾಡಿಕೊಳ್ಳುವುದು ವರ್ತನಾ ಚಿಕಿತ್ಸೆ. ತಪ್ಪು ಯೋಚನೆಗಳನ್ನು ಗುರುತಿಸಿ ತಿದ್ದಿಕೊಳ್ಳುವುದು ಇನ್ನೊಂದು. ಏನನ್ನೂ ಹೇರದೆ, ಬಂದವರನ್ನು ಇದ್ದಂತೆಯೇ ಒಪ್ಪಿ, ಪ್ರಾಮಾಣಿಕವಾಗಿ ಆಲಿಸಿದರೆ ಅವರೇ ತಮ್ಮ ಹಾದಿ ಕಂಡುಕೊಳ್ಳುತ್ತಾರೆ ಎಂದವರು ಅಮೆರಿಕದ ಕಾರ್ಲ್ ರೋಜರ್ಸ್. ಒಂದು ಪಂಥದವರು ಇನ್ನೊಂದನ್ನು ಒಪ್ಪುವುದಿಲ್ಲ. ನಮ್ಮ ಮತಪಂಥಗಳ ಜಗಳ ಕಂಡವರಿಗೆ ಇದೇನೂ ಹೊಸತಲ್ಲ.

ಆದರೆ 1936ರಷ್ಟು ಹಿಂದೆಯೇ ಸಾಲ್ ರೋಸೆನ್‌ಜ್ವೀಗ್ ಎಂಬ ಮನೋವಿಜ್ಞಾನಿ ಒಂದು ಕಿರಿಕಿರಿಯ ಪ್ರಶ್ನೆ ಎತ್ತಿದರು. ಇಷ್ಟು ಬೇರೆಬೇರೆ ಸಿದ್ಧಾಂತ ಹೇಳುವವರೆಲ್ಲರೂ ಕೆಲವರನ್ನು ಗುಣಪಡಿಸುತ್ತಿದ್ದಾರೆ. ಹಾಗಾದರೆ ಗುಣವಾಗುತ್ತಿರುವುದು ಅವರ ಸಿದ್ಧಾಂತದಿಂದಲೋ, ಅಥವಾ ಅವರೆಲ್ಲರಲ್ಲೂ ಸಮಾನವಾಗಿದ್ದು ಯಾರೂ ಹೆಸರಿಡದ ಬೇರೊಂದರಿಂದಲೋ? 1977ರಲ್ಲಿ ಸ್ಮಿತ್ ಮತ್ತು ಗ್ಲಾಸ್ ಎಂಬಿಬ್ಬರು ಸುಮಾರು 375 ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಚಿಕಿತ್ಸೆ ಪಡೆದ ಸಾಮಾನ್ಯ ವ್ಯಕ್ತಿಯೊಬ್ಬ, ಪಡೆಯದವರಲ್ಲಿ ನೂರಕ್ಕೆ 75 ಮಂದಿಗಿಂತ ಉತ್ತಮ ಸ್ಥಿತಿಯಲ್ಲಿದ್ದ. ಮಾತಿನ ಚಿಕಿತ್ಸೆ ಬರಿಯ ಹರಟೆಯಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು. ಜೊತೆಗೆ, ಪಂಥಪಂಥಗಳ ನಡುವಿನ ವ್ಯತ್ಯಾಸ ಅವರವರು ಹೇಳಿಕೊಳ್ಳುವಷ್ಟು ದೊಡ್ಡದಲ್ಲ ಎಂಬುದೂ ಕಂಡುಬಂತು.

ಸಮಾನವಾಗಿರುವ ಆ ಅಂಶ ಯಾವುದು? ಜೆರೋಮ್ ಫ್ರಾಂಕ್ ಎಂಬ ಮನೋವೈದ್ಯರು 1961ರಲ್ಲಿ ಬರೆದ ಪುಸ್ತಕದಲ್ಲಿ ಆಸ್ಪತ್ರೆಯ ಚಿಕಿತ್ಸೆಯನ್ನೂ ಬುಡಕಟ್ಟುಗಳ ವೈದ್ಯವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಅವರು ಹೇಳಿದ ನಾಲ್ಕು ಅಂಗಗಳನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ: ನಂಬಿ ಮನಸ್ಸು ಬಿಚ್ಚಬಲ್ಲ ಒಬ್ಬ ವ್ಯಕ್ತಿ, ಇಲ್ಲಿ ನನಗೆ ಕೇಡಾಗದು ಎನಿಸುವ ಒಂದು ಜಾಗ, ನನಗೇಕೆ ಹೀಗಾಯಿತು ಎಂಬುದಕ್ಕೆ ಇಬ್ಬರೂ ಒಪ್ಪುವ ಒಂದು ವಿವರಣೆ, ಆ ವಿವರಣೆಗೆ ತಕ್ಕಂತೆ ಇಬ್ಬರೂ ಸೇರಿ ಮಾಡುವ ಒಂದು ಕೆಲಸ. ಇವುಗಳಿಂದ ಕುಸಿದ ಮನುಷ್ಯನಲ್ಲಿ ಭರವಸೆ ಮರಳುತ್ತದೆ. 2018ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ 295 ಅಧ್ಯಯನಗಳ, 30,000ಕ್ಕೂ ಹೆಚ್ಚು ಜನರ ವಿವರವನ್ನು ಪರಿಶೀಲಿಸಿತು. ಚಿಕಿತ್ಸೆ ಕೊಡುವವರಿಗೂ ಪಡೆಯುವವರಿಗೂ ನಡುವಣ ಬಾಂಧವ್ಯ ಗಟ್ಟಿಯಾಗಿದ್ದಷ್ಟೂ ಫಲ ಉತ್ತಮವೆಂಬುದು ಯಾವ ಪಂಥದಲ್ಲಿ ನೋಡಿದರೂ ಕಂಡಿತು. ಬಾಂಧವ್ಯವೆಂದರೆ ಪ್ರೀತಿ ಮಾತ್ರವಲ್ಲ. ಎತ್ತ ಹೋಗಬೇಕು, ಅದಕ್ಕೆ ಏನು ಮಾಡಬೇಕು ಎಂಬುದರಲ್ಲಿ ಇಬ್ಬರಿಗೂ ಒಪ್ಪಿಗೆಯಿರುವುದು.

ನನ್ನ ಅರಳಿಕಟ್ಟೆಯ ಉಪದೇಶವನ್ನು ಈ ಒರೆಗಲ್ಲಿಗೆ ಹಚ್ಚಿದೆ. ಅವನಿಗೆ ನನ್ನಲ್ಲಿ ನಂಬಿಕೆ ಇತ್ತು. ಇಲ್ಲದಿದ್ದರೆ ಬರುತ್ತಲೇ ಇರಲಿಲ್ಲ. ಉಳಿದ ಮೂರನ್ನೂ ನಾನು ಕೆಡಿಸಿದ್ದೆ. ನಾಲ್ಕು ಜನ ಓಡಾಡುವ ಕಟ್ಟೆ ಅವನಿಗೆ ಮನಸ್ಸು ಬಿಚ್ಚುವ ಜಾಗವಲ್ಲ. ನಿನಗೆ ಧೈರ್ಯ ಸಾಲದು ಎಂಬ ನನ್ನ ವಿವರಣೆ ಅವನನ್ನು ಇನ್ನಷ್ಟು ತಪ್ಪಿತಸ್ಥನನ್ನಾಗಿ ಮಾಡಿತು. ಮಾಡಲು ನಾನು ಕೊಟ್ಟ ಕೆಲಸ "ಧೈರ್ಯವಾಗಿರು" ಎಂಬುದು. ನಡೆಯಲಾಗದವನಿಗೆ ಓಡು ಎಂದ ಹಾಗೆ. ಆ ತಾಯಿ ಕೇಳಿದ್ದು ನಾಳೆ ಬೆಳಿಗ್ಗೆಯ ಮಾತನ್ನು ಮಾತ್ರ. ಬೆಳಿಗ್ಗೆ ಎದ್ದು ಹಸುವಿಗೆ ಹುಲ್ಲು ಹಾಕುತ್ತೇನೆ ಎಂದು ಅವನೇ ಹೇಳಿದನಂತೆ. ಅಷ್ಟು ಮಾಡಲು ಅವನಿಂದ ಆಗುತ್ತಿತ್ತು.

ನಮ್ಮ ನೆಲದಲ್ಲಿ ಕಂಡದ್ದು

ಇದೆಲ್ಲ ಪಶ್ಚಿಮದ ಮಾತಲ್ಲವೇ ಎಂದು ಕೆಲವರು ಕೇಳಬಹುದು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಅದೇ ಮುಂದೆ 1974ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿದ್ದ ಡಾ. ಎನ್. ಸಿ. ಸೂರ್ಯ ಅವರು ತಮ್ಮ ಸಹೋದ್ಯೋಗಿ ಜಯರಾಂ ಅವರೊಂದಿಗೆ 1964ರಲ್ಲೇ ಈ ಪ್ರಶ್ನೆಯನ್ನು ಎತ್ತಿ ಬರೆದರು. ನಮ್ಮ ರೋಗಿ ತನ್ನ ಅಂತರಂಗದ ವಿಶ್ಲೇಷಣೆಗಿಂತ ಎದುರಿಗಿರುವ ಕಷ್ಟಕ್ಕೆ ನೇರವಾದ ಆಸರೆಯನ್ನು ಬಯಸುತ್ತಾನೆ, ವೈದ್ಯರನ್ನು ಮನೆಯ ಹಿರಿಯರಂತೆ ಕಾಣುತ್ತಾನೆ ಎಂಬುದು ಅವರ ಅನುಭವ. ದೆಹಲಿಯಲ್ಲಿದ್ದ ಡಾ. ಜೆ. ಎಸ್. ನೇಕಿ 1973ರಲ್ಲಿ ಇನ್ನೂ ಮುಂದೆ ಹೋಗಿ, ನಮ್ಮಲ್ಲಿ ಗುರು-ಶಿಷ್ಯ ಸಂಬಂಧವೇ ಮನೋಚಿಕಿತ್ಸೆಗೆ ಮಾದರಿಯಾಗಬಹುದೇ ಎಂದು ಕೇಳಿದರು. ಕನ್ನಡದಲ್ಲಿಯೂ ಈ ಅರಿವಿಗೆ ಕೊರತೆಯಿರಲಿಲ್ಲ. 'ಕೊರವಂಜಿ'ಯ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ನಮ್ಮ ನೆರೆಯ ಚನ್ನಪಟ್ಟಣದ ಡಾ. ಸಿ. ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆಗಳ ಕುರಿತು ತಿಳಿಗನ್ನಡದಲ್ಲಿ ದಶಕಗಳಿಂದ ಬರೆದಿದ್ದಾರೆ.

ಮಠ ಮಂದಿರಗಳಿಗೆ ನೇರವಾಗಿ ಸಂಬಂಧಿಸಿದ ಎರಡು ಸಂಗತಿಗಳನ್ನು ಓದುಗರು ಜೊತೆಯಲ್ಲಿಟ್ಟು ನೋಡಬೇಕು.

ಮೊದಲನೆಯದು ನಿಮ್ಹಾನ್ಸ್‌ನ ಡಾ. ರಘುರಾಂ ಮತ್ತು ಸಂಗಡಿಗರು ತಮಿಳುನಾಡಿನ ಒಂದು ಮುತ್ತುಸ್ವಾಮಿ ಗುಡಿಯಲ್ಲಿ ಮಾಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನ. ತೀವ್ರ ಮಾನಸಿಕ ಕಾಯಿಲೆಯಿದ್ದ 31 ಜನ ಆ ಗುಡಿಯಲ್ಲಿ ಸರಾಸರಿ ಆರು ವಾರ ತಂಗಿದ್ದರು. ಕಾಯಿಲೆಯ ಲಕ್ಷಣಗಳನ್ನು ಅಳೆಯುವ ಅಂಕ ಸುಮಾರು ನೂರಕ್ಕೆ 20ರಷ್ಟು ಇಳಿದಿತ್ತು. ಸ್ವಾರಸ್ಯವೇನೆಂದರೆ ಅಲ್ಲಿ ಮಾಟ ತೆಗೆಯುವುದು, ದೆವ್ವ ಬಿಡಿಸುವುದು ಮೊದಲಾದ ಯಾವ ವಿಶೇಷ ವಿಧಿಯೂ ಇರಲಿಲ್ಲ. ಮನೆಯವರೊಬ್ಬರು ಜೊತೆಗಿರುತ್ತಿದ್ದರು. ಕಸ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು ಮುಂತಾದ ಸಣ್ಣ ಕೆಲಸಗಳಲ್ಲಿ ಅವರನ್ನು ತೊಡಗಿಸುತ್ತಿದ್ದರು. ಯಾರೂ ಹೀಯಾಳಿಸುತ್ತಿರಲಿಲ್ಲ. ಜನ ಚಿಕ್ಕ ಸಂಖ್ಯೆಯವರು, ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ. ಆದ್ದರಿಂದ ಗುಡಿಯೇ ಸಾಕು, ಮಾತ್ರೆ ಬೇಡ ಎಂದು ಇದರಿಂದ ಯಾರೂ ಹೇಳುವಂತಿಲ್ಲ. ಆದರೆ ಆಸರೆ, ಗೌರವ, ಕೈಗೊಂದು ಕೆಲಸ ಇವುಗಳಿಗೆ ಬಲವಿದೆ ಎಂಬುದಂತೂ ಕಾಣುತ್ತದೆ.

ಎರಡನೆಯದು ಅದೇ ತಮಿಳುನಾಡಿನ ಏರ್ವಾಡಿ. 2001ರ ಆಗಸ್ಟ್ 6ರ ಬೆಳಗಿನ ಜಾವ, ದರ್ಗಾದ ಆಸುಪಾಸಿನಲ್ಲಿ ನಡೆಯುತ್ತಿದ್ದ ಒಂದು ಆಶ್ರಯಧಾಮಕ್ಕೆ ಬೆಂಕಿ ಬಿತ್ತು. ಅಲ್ಲಿದ್ದ ಮಾನಸಿಕ ರೋಗಿಗಳನ್ನು ಸರಪಳಿಯಲ್ಲಿ ಕಟ್ಟಿಹಾಕಿದ್ದರು. ಓಡಲಾಗದೆ 28 ಜನ ಸತ್ತರು. ಅವರ ಮನೆಯವರೂ ನಂಬಿಕೆಯಿಂದಲೇ ಅಲ್ಲಿ ಬಿಟ್ಟು ಹೋಗಿದ್ದರು.

ಎರಡೂ ಕಡೆ ಇದ್ದದ್ದು ದೈವದ ನಂಬಿಕೆ. ಗುಡಿಯಲ್ಲಿ ಅದು ಮನುಷ್ಯನನ್ನು ಮನುಷ್ಯನಂತೆ ನೋಡುವ ನಡೆಯ ಜೊತೆಗಿತ್ತು, ಏರ್ವಾಡಿಯಲ್ಲಿ ಸರಪಳಿಯ ಜೊತೆಗಿತ್ತು. ಎಲ್ಲ ಪದ್ಧತಿಗಳೂ ಫಲ ಕೊಡುತ್ತವೆಯಂತೆ, ಹಾಗಾದರೆ ನಮ್ಮ ಭಸ್ಮ ತಾಯಿತವೂ ಒಂದು ಪದ್ಧತಿಯೇ ಎಂದು ವಾದಿಸುವವರಿಗೆ ನಾನು ಈ ಎರಡು ಊರುಗಳನ್ನು ತೋರಿಸುತ್ತೇನೆ.

ಪದ್ಧತಿಗೂ ಬೆಲೆಯಿದೆ

ಬಾಂಧವ್ಯವೇ ಎಲ್ಲ, ತಂತ್ರ ಏನೂ ಅಲ್ಲ ಎನ್ನುವುದು ಅತಿಯಾದೀತು. ತಜ್ಞರಲ್ಲೂ ಈ ವಾದ ಇನ್ನೂ ನಿಂತಿಲ್ಲ. ಕೈ ತೊಳೆದದ್ದನ್ನೇ ತೊಳೆಯುವ ಗೀಳು ಕಾಯಿಲೆಗೆ, ವಿಪರೀತ ಭಯಕ್ಕೆ, ಭಯವನ್ನು ಕ್ರಮವಾಗಿ ಎದುರಿಸುವ ಅಭ್ಯಾಸ ಬೇಕೇ ಬೇಕು. ಎದುರಿಗೆ ಕುಳಿತು ಎಷ್ಟು ಪ್ರೀತಿಯಿಂದ ಕೇಳಿದರೂ ಅದೊಂದೇ ಸಾಲದು. ಇಲ್ಲದ ದನಿ ಕೇಳಿಸುವ ಕಾಯಿಲೆಗೆ, ಉನ್ಮಾದ ಖಿನ್ನತೆಗಳು ಸರದಿಯಲ್ಲಿ ಬರುವ ಕಾಯಿಲೆಗೆ ಔಷಧಿ ಬೇಕು. ಬಾಂಧವ್ಯದ ಪಾತ್ರ ಅಲ್ಲಿ, ಆ ಮಾತ್ರೆಯನ್ನು ನಡುವೆ ಬಿಡದಂತೆ ನೋಡಿಕೊಳ್ಳುವುದು.

ಹಾಗೆಯೇ ಇನ್ನೊಂದು ಮಾತು. ಕಬ್ಬಿನ ಬಾಕಿ ಕೊಡದೆ ರೈತನಿಗೆ ಆಪ್ತಸಮಾಲೋಚನೆ ಕೊಟ್ಟರೆ ಅದು ಅಣಕವಾಗುತ್ತದೆ. ನನ್ನ ವಿದ್ಯಾರ್ಥಿಯ ನೋವಿಗೆ ಅವನ ಮನಸ್ಸೊಂದೇ ಕಾರಣವಲ್ಲ. ಬೆಲೆ, ಬಡ್ಡಿ, ಮಳೆ ಎಲ್ಲವೂ ಕಾರಣ. ಅದಕ್ಕಾಗಿ ಹೋರಾಟ ಬೇರೆ ನಡೆಯಬೇಕು. ಆದರೆ ಹೋರಾಡಲು ಮನುಷ್ಯ ಬದುಕಿರಬೇಕಲ್ಲ.

ಮಠಗಳು ಏನು ಮಾಡಬಹುದು?

2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಈ ದೇಶದಲ್ಲಿ ಮಾನಸಿಕ ಕಾಯಿಲೆಯಿರುವ ನೂರು ಜನರಲ್ಲಿ 70ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಅಷ್ಟು ಜನಕ್ಕೆ ಸಾಲುವಷ್ಟು ಮನೋವೈದ್ಯರು ಬರುವ ತನಕ ಕಾಯಲಾಗದು. ಹೊರಗಿನ ಎರಡು ಅನುಭವಗಳು ಇಲ್ಲಿ ದಾರಿ ತೋರುತ್ತವೆ.

ಗೋವಾದಲ್ಲಿ ಡಾ. ವಿಕ್ರಂ ಪಟೇಲ್ ಮತ್ತು ಸಂಗಡಿಗರು, ವೈದ್ಯರಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆಯವರೊಂದಿಗೆ ಆರರಿಂದ ಎಂಟು ಭೇಟಿ ನಡೆಸುವಂತೆ ಮಾಡಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಮೂರು ತಿಂಗಳ ನಂತರ ಖಿನ್ನತೆಯಿಂದ ಹೊರಬಂದವರು ಈ ಗುಂಪಿನಲ್ಲಿ ನೂರಕ್ಕೆ 64, ಇದಿಲ್ಲದ ಗುಂಪಿನಲ್ಲಿ 39. ಅಲ್ಲಿ ಮಾಡಿಸಿದ್ದು ಮುಖ್ಯವಾಗಿ ಒಂದೇ: ಬಿಟ್ಟುಹೋದ ದಿನನಿತ್ಯದ ಕೆಲಸಗಳನ್ನು ಒಂದೊಂದಾಗಿ ಮತ್ತೆ ಹಿಡಿಯುವುದು. ಕಾಯಕವನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ವ್ಯತ್ಯಾಸ ಮಾತ್ರ ನೆನಪಿಡಬೇಕು. ನಾನು ಕಾಯಕವನ್ನು ಅವನ ತಲೆಯ ಮೇಲೆ ಹೊರೆಯಾಗಿ ಹೊರಿಸಿದೆ. ಅವರು ಅವನ ಕೈಗೆ ಎಟಕುವಷ್ಟು ಚಿಕ್ಕದು ಮಾಡಿ ಕೊಟ್ಟರು.

ಆಫ್ರಿಕಾದ ಜಿಂಬಾಬ್ವೆಯಲ್ಲಿ ಡಾ. ಡಿಕ್ಸನ್ ಚಿಬಾಂಡ 2006ರಲ್ಲಿ ಹದಿನಾಲ್ಕು ಅಜ್ಜಿಯರೊಂದಿಗೆ ಒಂದು ಪ್ರಯೋಗ ಆರಂಭಿಸಿದರು. ಆಸ್ಪತ್ರೆಯ ಅಂಗಳದಲ್ಲಿ ಒಂದು ಮರದ ಬೆಂಚು, ಅದರ ಮೇಲೆ ತರಬೇತಿ ಪಡೆದ ಅಜ್ಜಿ. ನೊಂದವರು ಬಂದು ಪಕ್ಕದಲ್ಲಿ ಕೂರುತ್ತಾರೆ. ಅಜ್ಜಿ ಕೇಳುತ್ತಾಳೆ, ಕಷ್ಟಗಳಲ್ಲಿ ಒಂದನ್ನು ಆರಿಸಿ ಅದಕ್ಕೆ ಏನು ಮಾಡಬಹುದೆಂದು ಇಬ್ಬರೂ ಯೋಚಿಸುತ್ತಾರೆ. 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಈ ಬೆಂಚಿನ ಫಲ ಗಣನೀಯವಾಗಿತ್ತು.

ನಮ್ಮ ಮಠಗಳಿಗೆ ಜನರ ನಂಬಿಕೆ ಈಗಾಗಲೇ ಇದೆ. ಜಾಗವಿದೆ, ದಾಸೋಹವಿದೆ, ಊರೂರಲ್ಲಿ ಅಕ್ಕನ ಬಳಗಗಳಿವೆ. ಇರುವುದರ ಮೇಲೆ ಕಟ್ಟಬೇಕಾದದ್ದು ಸ್ವಲ್ಪ. ನನ್ನ ಕೋರಿಕೆಗಳು ಇಷ್ಟು.

ಒಂದು, ಪೂಜ್ಯರ ದರ್ಶನಕ್ಕೆ ಬರುವವರಲ್ಲಿ ನೊಂದವರನ್ನು ಹತ್ತು ಜನರ ಎದುರು ಮಾತನಾಡಿಸಬಾರದು. ವಾರಕ್ಕೆ ಒಂದು ಹೊತ್ತಾದರೂ ಬಾಗಿಲು ಮುಚ್ಚಿ ಕೇಳುವ ಒಂದು ಕೋಣೆ ಇರಲಿ. ಅಲ್ಲಿ ಆಡಿದ ಮಾತು ಪ್ರವಚನದ ದೃಷ್ಟಾಂತವಾಗಿಯೂ ಹೊರಗೆ ಬರಬಾರದು.

ಎರಡು, ಕೇಳುವವರು ಗಂಡಸರೇ ಆಗಬಾರದು. ಅರಳಿಕಟ್ಟೆಯ ಮೇಲೆ ಹೆಣ್ಣುಮಗಳೊಬ್ಬಳು ಬಂದು ಕೂತು ಗಂಡನ ಕುಡಿತದ ಬಗ್ಗೆ ಹೇಳಿಕೊಂಡದ್ದನ್ನು ನಾನು ಈವರೆಗೆ ಕಂಡಿಲ್ಲ. ಅಂಥ ನೋವು ಇಲ್ಲ ಎಂದು ಅದರ ಅರ್ಥವಲ್ಲ. ಪ್ರತಿ ಅಕ್ಕನ ಬಳಗದಿಂದ ಇಬ್ಬರನ್ನು ಆರಿಸಿ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರ ಸಹಾಯದಿಂದ ತರಬೇತಿ ಕೊಡಿಸಬೇಕು. ಒಳ್ಳೆಯ ಮನಸ್ಸೊಂದೇ ತರಬೇತಿಯಲ್ಲ. ನಾನೇ ಅದಕ್ಕೆ ಸಾಕ್ಷಿ.

ಮೂರು, ವಿವರಣೆ ಕೊಡುವಾಗ ಎಚ್ಚರ ಬೇಕು. ಗ್ರಹಚಾರ, ಪೂರ್ವಕರ್ಮ, ವಾಸ್ತು, ಮಾಟ ಎಂದು ಯಾರಾದರೂ ಹೇಳಿದರೆ ನೊಂದವನಿಗೆ ಕ್ಷಣಕಾಲ ಸಮಾಧಾನ ಸಿಗಬಹುದು. ಆದರೆ ಆ ವಿವರಣೆ ಅವನ ಕೈಯಿಂದ ಹಣವನ್ನೂ, ಮುಂದಿನ ಹೆಜ್ಜೆಯನ್ನೂ ಕಿತ್ತುಕೊಳ್ಳುತ್ತದೆ. ಶರಣರು ಎಂಟುನೂರು ವರ್ಷಗಳ ಹಿಂದೆ ತಿರಸ್ಕರಿಸಿದ್ದನ್ನು ನಾವು ಚಿಕಿತ್ಸೆಯ ಹೆಸರಿನಲ್ಲಿ ಒಳಗೆ ಬಿಟ್ಟುಕೊಳ್ಳಬಾರದು. "ಭಕ್ತಿ ಸಾಲದು" ಎಂಬ ವಿವರಣೆಯೂ ಅದೇ ಜಾತಿಯದು.

ನಾಲ್ಕು, ಮಠದ ಕೆಲಸ ಎಲ್ಲಿ ಮುಗಿಯುತ್ತದೆ ಎಂಬುದು ಮಠಕ್ಕೆ ತಿಳಿದಿರಬೇಕು. ಸಾಯುವ ಮಾತು ಬಂದರೆ, ನಿದ್ದೆ ಊಟ ಎರಡು ವಾರ ತಪ್ಪಿದ್ದರೆ, ಇಲ್ಲದ್ದು ಕಂಡರೆ ಕೇಳಿದರೆ, ಅವರನ್ನು ಜೊತೆಯಲ್ಲಿ ಕರೆದುಕೊಂಡೇ ವೈದ್ಯರಲ್ಲಿಗೆ ಹೋಗಬೇಕು. ಮಂಡ್ಯದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. 2022ರ ಅಕ್ಟೋಬರ್‌ನಿಂದ ಟೆಲಿ-ಮಾನಸ್ ಎಂಬ ಉಚಿತ ಸರ್ಕಾರಿ ದೂರವಾಣಿ ಸೇವೆಯಿದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲಿ ಮಾತನಾಡಬಹುದು. ಈ ಸಂಖ್ಯೆಯನ್ನು ಪ್ರತಿ ಮಠದ ಗೋಡೆಯ ಮೇಲೆ, ಪ್ರಸಾದ ನಿಲಯದ ಮಕ್ಕಳಿಗೆ ಕಾಣುವಂತೆ ಬರೆಸಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ದಂಡಿಸಬಾರದು ಎಂದೂ ಅದು ಹೇಳುತ್ತದೆ. ಪೊಲೀಸ್ ಕೇಸಾಗುತ್ತದೆಂದು ಹೆದರಿ ಮನೆಯಲ್ಲೇ ಮುಚ್ಚಿಡುವ ಕುಟುಂಬಗಳಿಗೆ ಈ ಮಾತನ್ನು ಮಠದವರೇ ಹೇಳಬೇಕು.

ಐದು, ವೈದ್ಯರು ಕೊಟ್ಟ ಮಾತ್ರೆಯನ್ನು ನಿಲ್ಲಿಸು ಎಂದು ಹೇಳುವ ಅಧಿಕಾರ ಯಾವ ಕಾವಿಗೂ ಇಲ್ಲ. ಇದನ್ನು ಕಠಿಣವಾಗಿ ಹೇಳಿದ್ದರೆ ಕ್ಷಮೆಯಿರಲಿ.

ಅನುಭವ ಮಂಟಪದ ಹೆಸರನ್ನು ನಾವು ದಿನಕ್ಕೆ ಹತ್ತು ಸಲ ಹೇಳುತ್ತೇವೆ. ಅಲ್ಲಿ ಮಾತನಾಡಿದವರನ್ನೇ ನೆನೆಯುತ್ತೇವೆ. ಮಡಿವಾಳ, ಅಂಬಿಗ, ಸೂಳೆ ಸಂಕವ್ವೆಯಂಥವರೂ ತಮ್ಮ ಅನುಭವವನ್ನು ಅಂಜದೆ ಹೇಳಿದರು ಎಂದು ಹೆಮ್ಮೆಪಡುತ್ತೇವೆ. ಅವರು ಹಾಗೆ ಹೇಳಲು ಎದುರಿಗೆ ಕುಳಿತು ಕೇಳಿದವರೂ ಇರಲೇಬೇಕು. ಆ ಕಿವಿಗಳನ್ನು ನಾವು ಮರೆತಿದ್ದೇವೆ ಎಂದು ನನಗೆ ಅನಿಸುತ್ತದೆ.

ನನ್ನ ವಿದ್ಯಾರ್ಥಿ ಈಗ ಕಬ್ಬು ಕಡಿಮೆ ಮಾಡಿ ಎರಡು ಹಸು ಹೆಚ್ಚು ಕಟ್ಟಿದ್ದಾನೆ. ಸಾಲ ಪೂರ್ತಿ ತೀರಿಲ್ಲ. ಸಂಜೆ ಕಟ್ಟೆಗೆ ಬಂದಾಗ ಅವನು ಮಾತನಾಡುತ್ತಾನೆ, ನಾನು ಕೇಳುತ್ತೇನೆ. ನಡುನಡುವೆ ಉಪದೇಶ ನಾಲಿಗೆಯ ತುದಿಗೆ ಬರುತ್ತದೆ. ಮೂವತ್ತು ವರ್ಷದ ಮೇಷ್ಟ್ರ ಅಭ್ಯಾಸ, ಅಷ್ಟು ಬೇಗ ಹೋಗದು. ಬಂದಾಗಲೆಲ್ಲ ಬಾಯಿ ಮುಚ್ಚಿಕೊಂಡು, ಆಮೇಲೆ ಏನಾಯ್ತಪ್ಪ ಎಂದು ಕೇಳುವುದನ್ನು ಈ ವಯಸ್ಸಿನಲ್ಲಿ ಕಲಿಯುತ್ತಿದ್ದೇನೆ.